ಗೆಲ್ಲುವ ಕುದುರೆಯ ಲೆಕ್ಕ: ಷರ್ಲಿ ಚಿಸಮ್‌ರಿಂದ ಕಮಲಾ ಹ್ಯಾರಿಸ್‌ವರೆಗೆ

ತುಂಗಾತೀರ ಬರೆದಿದ್ದಾರೆ:

2024ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಸೋತ ಮೇಲೆ ಅಲ್ಲಿರುವ ನೆಂಟರ ಫೋನಿನಲ್ಲೂ, ಇಲ್ಲಿನ ಸಂಜೆಯ ಹರಟೆಯಲ್ಲೂ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: ಅವರನ್ನು ಸೋಲಿಸಿದ್ದು ಅವರ ಮೈಬಣ್ಣವೋ, ಅವರು ಹೆಣ್ಣೆಂಬುದೋ? ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದಂತೆ ಕೇಳುವ ಈ ಪ್ರಶ್ನೆ ನನಗೆ ಮೊದಲಿನಿಂದಲೂ ಸರಿಕಂಡಿಲ್ಲ. ಏಕೆಂದು ಹೇಳಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

1972ರ ಜನವರಿ 25ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಕಾಂಕಾರ್ಡ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿದ ಜನರೆದುರು ಷರ್ಲಿ ಚಿಸಮ್ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವುದಾಗಿ ಪ್ರಕಟಿಸಿದರು. ತಂದೆ ಗಯಾನಾದವರು, ತಾಯಿ ಬಾರ್ಬಡೋಸ್‌ನವರು. ಬಾಲ್ಯದ ಕೆಲವು ವರ್ಷಗಳನ್ನು ಬಾರ್ಬಡೋಸ್‌ನಲ್ಲಿ ಅಜ್ಜಿಯ ಮನೆಯಲ್ಲಿ ಕಳೆದು, ಬಳಿಕ ಶಿಶುವಿಹಾರದ ಶಿಕ್ಷಕಿಯಾಗಿ ದುಡಿದ ಈಕೆ 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. ನಗರದ ಬಡ ಕೇರಿಗಳಿಂದ ಆರಿಸಿಬಂದವರನ್ನು ಪಕ್ಷದ ಹಿರಿಯರು ಕೃಷಿ ಸಮಿತಿಗೆ ಹಾಕಿದಾಗ, ಹೊಸಬರು ಬಾಯಿ ಮುಚ್ಚಿಕೊಂಡಿರಬೇಕೆಂಬ ಸಂಪ್ರದಾಯವನ್ನು ಬದಿಗಿಟ್ಟು ಪ್ರತಿಭಟಿಸಿ ಬೇರೆ ಸಮಿತಿ ಪಡೆದವರು. ಸ್ಪರ್ಧೆಯನ್ನು ಪ್ರಕಟಿಸಿದ ದಿನ ಅವರು ಹೇಳಿದ ಮಾತಿನ ತಿರುಳು ಹೀಗಿತ್ತು: ತಾನು ಕಪ್ಪು ವರ್ಣದವಳೆಂಬುದರ ಬಗ್ಗೆ ಹೆಮ್ಮೆಯಿದೆ, ಆದರೆ ಕಪ್ಪು ಅಮೆರಿಕದ ಅಭ್ಯರ್ಥಿಯಲ್ಲ, ಹೆಣ್ಣೆಂಬುದರ ಬಗ್ಗೆಯೂ ಅಷ್ಟೇ ಹೆಮ್ಮೆಯಿದೆ, ಆದರೆ ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ.

ಮುಂದೆ ಆದದ್ದೇನು? ಆ ಮಾರ್ಚ್‌ನಲ್ಲಿ ಇಂಡಿಯಾನಾದ ಗ್ಯಾರಿ ನಗರದಲ್ಲಿ ನಡೆದ ರಾಷ್ಟ್ರೀಯ ಕಪ್ಪು ರಾಜಕೀಯ ಸಮಾವೇಶ ಅವರಿಗೆ ಬೆಂಬಲ ಘೋಷಿಸಲಿಲ್ಲ. ಕಪ್ಪು ಸಮುದಾಯದ ಪುರುಷ ನಾಯಕರಲ್ಲಿ ಬಹುತೇಕರು, ಗೆದ್ದಾಗ ತಮ್ಮ ಮಾತು ನಡೆಯಬೇಕೆಂಬ ಲೆಕ್ಕದಲ್ಲಿ, ಗೆಲ್ಲಬಲ್ಲ ಬಿಳಿಯರ ಕಡೆ ವಾಲಿದರು. ಮಹಿಳಾ ಚಳವಳಿಯ ಮುಂಚೂಣಿಯಲ್ಲಿದ್ದವರು ಚಿಸಮ್‌ರನ್ನು ಹೊಗಳುತ್ತಲೇ, ಕೊನೆಗೆ ಪಕ್ಷದ ಅಭ್ಯರ್ಥಿಯಾದ ಜಾರ್ಜ್ ಮೆಕ್‌ಗವರ್ನ್ ಅವರ ಪಾಳೆಯದಲ್ಲೂ ಒಂದು ಕಾಲಿಟ್ಟುಕೊಂಡಿದ್ದರು. ಕ್ಯಾಲಿಫೋರ್ನಿಯಾದ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಗೆ, ಮುನ್ನ ಟೀವಿ ಚರ್ಚೆಗೆ ಕರೆಯದಿದ್ದಾಗ ಕಾನೂನಿನ ಮೊರೆ ಹೋಗಿ ಅರ್ಧ ಗಂಟೆಯ ಸಮಯವನ್ನು ಕಿತ್ತುಕೊಳ್ಳಬೇಕಾಯಿತು.

ನಮ್ಮ ಕಡೆ ಟಿಕೆಟ್ ಹಂಚುವ ಕಾಲದಲ್ಲಿ ಕಿವಿಗೆ ಬೀಳುವ ‘ಗೆಲ್ಲುವ ಕುದುರೆ’ ಎಂಬ ಮಾತು ನಿಮಗೆಲ್ಲ ಗೊತ್ತು. ನನ್ನ ವಾದ ಇಷ್ಟು: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ವರ್ಣ ಮತ್ತು ಲಿಂಗ ಹೆಚ್ಚಾಗಿ ಕೆಲಸ ಮಾಡುವುದು ನವೆಂಬರ್‌ನ ಮತಗಟ್ಟೆಯಲ್ಲಲ್ಲ, ಅದಕ್ಕೂ ಬಹಳ ಮೊದಲು, ಈ ಕುದುರೆ ಗೆಲ್ಲುವುದಿಲ್ಲವೆಂದು ಸ್ವಂತ ಪಾಳೆಯದವರೇ ಪಿಸುಗುಟ್ಟುವ ಘಟ್ಟದಲ್ಲಿ. ಹಾಗೆ ಪಿಸುಗುಟ್ಟುವವರು ತಮ್ಮಲ್ಲಿ ಪೂರ್ವಗ್ರಹವಿದೆಯೆಂದು ಒಪ್ಪುವುದಿಲ್ಲ. ಪೂರ್ವಗ್ರಹವಿರುವುದು ಪಕ್ಕದ ಮನೆಯವರಲ್ಲಿ ಎನ್ನುತ್ತಾರೆ. ಪಕ್ಕದ ಮನೆಯವರನ್ನು ಕೇಳಿದರೆ ಅವರು ಇವರನ್ನು ತೋರಿಸುತ್ತಾರೆ.

ಲೆಕ್ಕದ ಮೇಷ್ಟ್ರು ಬರೆದಿದ್ದಾರೆ:

ತುಂಗಾತೀರ ಅವರ ಬರಹ ಚೆನ್ನಾಗಿದೆ. ಆದರೆ ಸೋತವರ ಕಥೆಯನ್ನು ಹೇಳುವಾಗ ಸಂಖ್ಯೆಗಳನ್ನೂ ಎದುರಿಗಿಟ್ಟುಕೊಳ್ಳೋಣ.

2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ದೇಶದಾದ್ಯಂತ ಡೊನಾಲ್ಡ್ ಟ್ರಂಪ್ ಅವರಿಗಿಂತ ಸುಮಾರು 29 ಲಕ್ಷ ಮತಗಳು ಹೆಚ್ಚು ಬಂದವು. ಅವರನ್ನು ಸೋಲಿಸಿದ್ದು ವಿಸ್ಕಾನ್ಸಿನ್, ಮಿಶಿಗನ್ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟಾರೆ 80 ಸಾವಿರಕ್ಕೂ ಕಡಿಮೆ ಮತಗಳ ಅಂತರ. ಮಿಶಿಗನ್‌ನಲ್ಲಂತೂ ಅದು ಕೇವಲ 10,704. ಅಮೆರಿಕನ್ನರು ಹೆಣ್ಣಿಗೆ ಮತ ಹಾಕುವುದಿಲ್ಲ ಎಂಬ ಮಾತು ಆ ಲೆಕ್ಕದೆದುರು ನಿಲ್ಲುವುದಿಲ್ಲ. ಹಾಕಿದರು, ದೇಶದ ಒಟ್ಟು ಮತವಲ್ಲದೆ ರಾಜ್ಯವಾರು ಗೆಲುವನ್ನು ಎಣಿಸುವ ಎಲೆಕ್ಟೋರಲ್ ಕಾಲೇಜಿನ ವ್ಯವಸ್ಥೆಯಲ್ಲಿ ಆ ಮತಗಳು ಬೇಕಾದ ಜಾಗದಲ್ಲಿ ಬೀಳಲಿಲ್ಲ, ಅಷ್ಟೆ. 2008ರಲ್ಲಿ ಬರಾಕ್ ಒಬಾಮ ಶೇ. 52.9ರಷ್ಟು ಮತ ಮತ್ತು 365 ಎಲೆಕ್ಟೋರಲ್ ಮತಗಳನ್ನು ಪಡೆದರು. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಆರ್ಥಿಕತೆ ಕುಸಿದಿತ್ತು, ಆಳುತ್ತಿದ್ದ ಪಕ್ಷದ ಮೇಲೆ ಜನ ಮುನಿದಿದ್ದರು. 2024ರಲ್ಲಿ ಹ್ಯಾರಿಸ್ ಅವರದು ತಿರುವುಮುರುವು: ಆಳುವ ಪಕ್ಷ ಅವರದೇ, ಬೆಲೆ ಏರಿಕೆಯ ಸಿಟ್ಟು ಅವರ ತಲೆಗೇ. ಜೋ ಬೈಡನ್ ಜುಲೈ 21ರಂದು ಹಿಂದೆ ಸರಿದ ಮೇಲೆ ಅವರಿಗೆ ಸಿಕ್ಕಿದ್ದು 107 ದಿನ. ಅಂಥ ಸ್ಥಿತಿಯಲ್ಲಿಯೂ ಶೇ. 48.3ರಷ್ಟು ಮತ ಪಡೆದರು. ಟ್ರಂಪ್ ಅವರಿಗೆ ಶೇ. 49.8.

ಆಳುವ ಪಕ್ಷಗಳು ಆ ವರ್ಷ ಬ್ರಿಟನ್‌ನಲ್ಲೂ ಜಪಾನ್‌ನಲ್ಲೂ ಏಟು ತಿಂದಿವೆ. ಎಲ್ಲ ಸೋಲನ್ನೂ ವರ್ಣ, ಲಿಂಗಗಳ ಖಾತೆಗೆ ಬರೆದರೆ ಗೋಧಿಯ ಬೆಲೆಯನ್ನು ಯಾವ ಖಾತೆಗೆ ಬರೆಯೋಣ?

ಸಂಜೆಮಲ್ಲಿಗೆ ಬರೆದಿದ್ದಾರೆ:

ಮೇಷ್ಟ್ರೇ, ನಿಮ್ಮ ಸಂಖ್ಯೆಗಳ ಬಗ್ಗೆ ತಕರಾರಿಲ್ಲ. ಆದರೆ ಅಂತಿಮ ಕಣಕ್ಕೆ ತಲುಪಿದವರ ಮತಗಳನ್ನು ಮಾತ್ರ ಎಣಿಸಿದರೆ ತಲುಪದೇ ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. 2020ರ ಚುನಾವಣೆಗಾಗಿ ಇದೇ ಹ್ಯಾರಿಸ್ ಸ್ಪರ್ಧಿಸಿ, ಒಂದೇ ಒಂದು ಮತ ಬೀಳುವ ಮೊದಲೇ, 2019ರ ಡಿಸೆಂಬರ್ 3ರಂದು ಹಣವಿಲ್ಲವೆಂದು ಹಿಂದೆ ಸರಿದರು. ಹಣ ಕೊಡುವವರೂ ಗೆಲ್ಲುವ ಕುದುರೆಗೇ ಕೊಡುತ್ತಾರೆ. ಇದು ಯಾವ ಮತಯಂತ್ರದಲ್ಲಿಯೂ ದಾಖಲಾಗುವುದಿಲ್ಲ.

ತುಂಗಾತೀರ ಅವರು ಹೇಳಿದ ತಕ್ಕಡಿಯ ಬಗ್ಗೆ ಒಂದು ಮಾತು. ಅದು ಬಹಳ ಹಳೆಯ ತಕ್ಕಡಿ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಮಹಿಳಾ ಹಕ್ಕುಗಳ ಸಮಾವೇಶ ನಡೆದಾಗ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಎದ್ದು ನಿಂತು ಹೆಂಗಸರ ಮತದಾನದ ಹಕ್ಕಿನ ಪರ ಮಾತಾಡಿದರು. ಸಮಾವೇಶದ ಸಂಘಟಕಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತು ಡಗ್ಲಸ್ ಒಂದೇ ವೇದಿಕೆಯ ಒಡನಾಡಿಗಳು. ಅಂತರ್ಯುದ್ಧ ಮುಗಿದು, ವರ್ಣದ ಕಾರಣಕ್ಕೆ ಮತದಾನ ನಿರಾಕರಿಸಬಾರದೆನ್ನುವ, ಆದರೆ ಹೆಂಗಸರ ಬಗ್ಗೆ ಚಕಾರವೆತ್ತದ 15ನೇ ತಿದ್ದುಪಡಿ ಬಂದಾಗ, 1869ರಲ್ಲಿ ಆ ಒಡನಾಟ ಮುರಿದು ಬಿತ್ತು. ಸ್ಟ್ಯಾಂಟನ್ ಮತ್ತು ಅವರ ಜೊತೆ ಹೋರಾಟಗಾರ್ತಿ ಸೂಸನ್ ಬಿ. ಆಂಟನಿ ತಿದ್ದುಪಡಿಯನ್ನು ವಿರೋಧಿಸಿದರು. ಸ್ಟ್ಯಾಂಟನ್ ಆಗ ಕಪ್ಪು ಪುರುಷರ ಬಗ್ಗೆ, ವಲಸೆ ಬಂದವರ ಬಗ್ಗೆ ಆಡಿದ ಮಾತುಗಳನ್ನು ಓದುವಾಗ ಮುಖ ಕಿವುಚಿಕೊಳ್ಳಬೇಕಾಗುತ್ತದೆ. ಕಪ್ಪು ಹೆಂಗಸರು ಈ ಜಗಳದಲ್ಲಿ ಯಾವ ಕಡೆಗೂ ಪೂರ್ತಿಯಾಗಿ ಸಲ್ಲಲಿಲ್ಲ.

2008ರಲ್ಲಿ ಅದೇ ಜಗಳ ಬೇರೆ ಬಟ್ಟೆ ತೊಟ್ಟು ಬಂತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಒಬಾಮ ಮತ್ತು ಹಿಲರಿ ಕ್ಲಿಂಟನ್ ಪರಸ್ಪರ ಎದುರಾಗಿದ್ದರು. ಜನವರಿ 3ರಂದು ಅಯೋವಾ ರಾಜ್ಯದಲ್ಲಿ ಒಬಾಮ ಗೆದ್ದರು, ಕ್ಲಿಂಟನ್ ಮೂರನೆಯವರಾದರು. ಮುಂದಿನ ವಾರ ನ್ಯೂ ಹ್ಯಾಂಪ್‌ಶೈರ್‌ನ ಸಭೆಯೊಂದರಲ್ಲಿ ಗಂಡಸೊಬ್ಬ ಎದ್ದು ನಿಂತು, ‘ನನ್ನ ಅಂಗಿಗೆ ಇಸ್ತ್ರಿ ಹಾಕು’ ಎಂದು ಕ್ಲಿಂಟನ್‌ರತ್ತ ಕೂಗಿದ. ಕಪ್ಪು ಅಭ್ಯರ್ಥಿಯ ಸಭೆಯಲ್ಲಿ ಅದಕ್ಕೆ ಸಮನಾದ ಮಾತನ್ನು ಯಾರಾದರೂ ಆಡಿದ್ದರೆ ದೇಶ ಸುಮ್ಮನಿರುತ್ತಿತ್ತೇ ಎಂದು ಮಹಿಳಾವಾದಿಗಳು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ದೊಡ್ಡ ಪಕ್ಷವೊಂದರ ಅಭ್ಯರ್ಥಿಯಾದ ಮೊದಲ ಮಹಿಳೆ ಜೆರಾಲ್ಡೀನ್ ಫೆರಾರೊ, ಒಬಾಮ ಬಿಳಿಯ ಪುರುಷರಾಗಿದ್ದರೆ ಈ ಮಟ್ಟಕ್ಕೆ ಬರುತ್ತಿರಲಿಲ್ಲ ಎಂದುಬಿಟ್ಟರು. ಕ್ಲಿಂಟನ್ ಅವರ ಪ್ರಚಾರ ತಂಡದಲ್ಲಿದ್ದ ಹುದ್ದೆಯನ್ನು ಅವರು ಬಿಡಬೇಕಾಯಿತು. ಒಂದು ಬಾಗಿಲನ್ನು ತಾನೇ ಒದ್ದು ತೆರೆದವರು ಪಕ್ಕದ ಬಾಗಿಲು ಮೊದಲೇ ತೆರೆದಿತ್ತೆಂದು ಹೇಳುವುದು ವಿಚಿತ್ರವೆನಿಸುತ್ತದೆ, ಆದರೆ ಅಪರೂಪವಲ್ಲ. ನಮ್ಮ ಮೀಸಲಾತಿಯ ಚರ್ಚೆಗಳಲ್ಲಿ ಕೂತವರಿಗೆ ಈ ಧಾಟಿ ಪರಿಚಿತ.

ಡೆಟ್ರಾಯಿಟ್ ಕನ್ನಡಿಗ ಬರೆದಿದ್ದಾರೆ:

ನಾನು ಮಿಶಿಗನ್‌ನ ಮತದಾರ. ಮೇಷ್ಟ್ರು ಹೇಳಿದ 10,704ರ ಅಂತರ ನಮ್ಮ ರಾಜ್ಯದ್ದೇ. ಹಾಗಾಗಿ ಇಲ್ಲಿ ಪ್ರತಿ ಚುನಾವಣೆಯಲ್ಲಿಯೂ ಮನೆಯ ಬಾಗಿಲು ಬಡಿಯುವವರಿಗೆ ಕೊರತೆಯಿಲ್ಲ.

2024ರ ನವೆಂಬರ್ 5ರಂದು ಶಾಲೆಯೊಂದರ ಆಟದ ಕೋಣೆಯಲ್ಲಿ ಮತ ಹಾಕಿದೆ. ಇಲ್ಲಿ ಗುಂಡಿ ಒತ್ತುವುದಿಲ್ಲ. ದೊಡ್ಡ ಕಾಗದದ ಮೇಲೆ ಅಭ್ಯರ್ಥಿಯ ಹೆಸರಿನ ಮುಂದಿರುವ ಮೊಟ್ಟೆಯಾಕಾರದ ಜಾಗವನ್ನು ಪೆನ್ನಿನಿಂದ ತುಂಬಿ, ಕಾಗದವನ್ನು ಯಂತ್ರದ ಬಾಯಿಗೆ ನೀವೇ ಕೊಡಬೇಕು. ನನ್ನ ಮುಂದೆ ನಿಂತಿದ್ದ ಕಪ್ಪು ಅಜ್ಜಿಯೊಬ್ಬರು ಕಾಗದವನ್ನು ಯಂತ್ರ ನುಂಗುವವರೆಗೂ ಅದರ ಅಂಚನ್ನು ಬೆರಳಿನಿಂದ ಹಿಡಿದೇ ಇದ್ದರು. ಯಾರಿಗೆ ಹಾಕಿದರೆಂದು ನನಗೆ ಗೊತ್ತಿಲ್ಲ.

ನಾನು ಹೇಳಬೇಕೆಂದಿರುವುದು ನಮ್ಮವರ ಬಗ್ಗೆ. ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡಿನವರು, 1958ರಲ್ಲಿ 19ನೇ ವಯಸ್ಸಿನಲ್ಲಿ ಬರ್ಕ್ಲಿಗೆ ಓದಲು ಬಂದವರು. ತಂದೆ ಜಮೈಕಾದ ಅರ್ಥಶಾಸ್ತ್ರಜ್ಞ. ಹ್ಯಾರಿಸ್ ಓದಿದ್ದು ಕಪ್ಪು ಸಮುದಾಯದ ಚಾರಿತ್ರಿಕ ವಿದ್ಯಾಸಂಸ್ಥೆಯಾದ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ, ಹಾರ್ವರ್ಡ್‌ನಲ್ಲಲ್ಲ; ಈ ಗೊಂದಲ ನಮ್ಮಲ್ಲಿ ಬಹಳ ಇದೆ. 2020ರಲ್ಲಿ ಅವರು ಉಪಾಧ್ಯಕ್ಷರಾಗಿ ಆಯ್ಕೆಯಾದಾಗ ನಮ್ಮ ಪರಿಚಯದ ಮನೆಗಳಲ್ಲಿ ‘ನಮ್ಮ ಹುಡುಗಿ’ ಎಂದು ಸಿಹಿ ಹಂಚಿದರು. ಅದೇ ಮನೆಗಳಲ್ಲಿ, ಅವರು ತಮ್ಮನ್ನು ಕಪ್ಪು ಮಹಿಳೆ ಎಂದು ಕರೆದುಕೊಳ್ಳುವುದೇಕೆ ಎಂಬ ಗೊಣಗಾಟವನ್ನೂ ಕೇಳಿದ್ದೇನೆ. 2024ರ ಜುಲೈ 31ರಂದು ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್, ಹ್ಯಾರಿಸ್ ಇದ್ದಕ್ಕಿದ್ದಂತೆ ಕಪ್ಪು ಆಗಿಬಿಟ್ಟರು ಎಂಬರ್ಥದ ಮಾತನ್ನಾಡಿದಾಗ ದೇಶವೆಲ್ಲ ಕೋಲಾಹಲವಾಯಿತು. ನನಗೆ ಮಾತ್ರ ಅದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದು ನಮ್ಮದೇ ಊಟದ ಮನೆಯಲ್ಲಿ. ಮದುವೆಯ ಜಾಹೀರಾತಿನಲ್ಲಿ ‘ಬೆಳ್ಳಗಿನ ವಧು’ವನ್ನು ಹುಡುಕುವ ಜನ ನಾವು, ಆ ಗಂಟನ್ನು ವಿಮಾನ ಹತ್ತುವಾಗ ಇಳಿಸಿ ಬಂದವರು ಕಡಿಮೆ.

ಇನ್ನೊಂದು ಸಂಗತಿ. ನಮ್ಮ ಡೆಟ್ರಾಯಿಟ್ ನಗರವನ್ನು ಸಂಸತ್ತಿನಲ್ಲಿ ಪ್ರತಿನಿಧಿಸುತ್ತಿರುವ ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. 2022ರಲ್ಲಿ ಅವರು ಗೆದ್ದಾಗ ಬೆಳಗಾವಿಯ ಹುಡುಗ ಅಮೆರಿಕದ ಸಂಸತ್ತಿಗೆ ಹೋದನೆಂದು ನಾವೆಲ್ಲ ಹಿಗ್ಗಿದೆವು. ಕಪ್ಪು ಜನರೇ ಬಹುಸಂಖ್ಯೆಯಲ್ಲಿರುವ ಈ ನಗರಕ್ಕೆ ಸುಮಾರು ಏಳು ದಶಕಗಳಲ್ಲಿ ಮೊದಲ ಬಾರಿ ಒಬ್ಬ ಕಪ್ಪು ಪ್ರತಿನಿಧಿಯೂ ಇಲ್ಲದಂತಾದದ್ದು ಅದೇ ಚುನಾವಣೆಯಲ್ಲಿ. ಪ್ರೈಮರಿಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳಿದ್ದು ಮತ ಹಂಚಿಹೋಯಿತು. ನಮ್ಮ ಪಾಲಿಗೆ ಗೋಡೆ ಒಡೆದ ದಿನ, ನಮ್ಮ ಬೀದಿಯ ಆಚೆಯವರ ಪಾಲಿಗೆ ಬೇರೆಯೇ ದಿನವಾಗಿತ್ತು. ಥಾಣೇದಾರ್ ಅವರದು ಇದರಲ್ಲಿ ತಪ್ಪೇನೂ ಇಲ್ಲ. ಆದರೂ ‘ಮೊದಲಿಗರು’ ಎಂಬ ಪದವನ್ನು ಅಂದಿನಿಂದ ನಾನು ಸ್ವಲ್ಪ ತಡೆದು ಬಳಸುತ್ತೇನೆ.

ಹಳೇಪೇಪರ್ ಬರೆದಿದ್ದಾರೆ:

ಅಮೆರಿಕವನ್ನು ಬೈಯುವಾಗ ನಾವು ತಪ್ಪದೆ ಇಂದಿರಾ ಗಾಂಧಿಯವರ ಹೆಸರು ತರುತ್ತೇವೆ. ಈ ಚರ್ಚೆಗೆ ಅದು ಬರುವ ಮೊದಲೇ ಹೇಳಿಬಿಡುತ್ತೇನೆ. 1966ರ ಜನವರಿಯಲ್ಲಿ ಅವರನ್ನು ಆರಿಸಿದ್ದು ದೇಶವಲ್ಲ, ಕಾಂಗ್ರೆಸ್ ಸಂಸದೀಯ ಪಕ್ಷ. ಮೊರಾರ್ಜಿ ದೇಸಾಯಿ ಅವರ 169 ಮತಗಳೆದುರು 355 ಮತಗಳು. ಅವರ ಬೆನ್ನಿಗೆ ನಿಂತ ‘ಸಿಂಡಿಕೇಟ್’ ನಾಯಕರಲ್ಲಿ, ನಮ್ಮ ಎಸ್. ನಿಜಲಿಂಗಪ್ಪನವರೂ ಇದ್ದ ಆ ಗುಂಪಿನಲ್ಲಿ, ಈಕೆ ತಮ್ಮ ಮಾತು ಮೀರಲಾರಳೆಂಬ ಎಣಿಕೆಯಿತ್ತು. ಎಣಿಕೆ ಹೇಗೆ ತಲೆಕೆಳಗಾಯಿತೆಂಬುದನ್ನು 1969ರ ಕಾಂಗ್ರೆಸ್ ಒಡಕು ಕಂಡವರು ಬಲ್ಲರು. ನೆಹರೂ ಮಗಳೆಂಬುದನ್ನೂ ಮರೆಯುವಂತಿಲ್ಲ. ಶ್ರೀಲಂಕಾದಲ್ಲಿ 1960ರಲ್ಲಿ ಪ್ರಧಾನಿಯಾದ ಸಿರಿಮಾವೋ ಬಂಡಾರನಾಯಿಕೆ ಹತ್ಯೆಗೀಡಾದ ಪ್ರಧಾನಿಯ ವಿಧವೆ. ಐನೂರು ಜನ ಸಂಸದರನ್ನು ಒಪ್ಪಿಸುವುದು ಬೇರೆ, ಕೋಟ್ಯಂತರ ಮತದಾರರ ಮುಂದೆ ‘ಸೇನೆಯ ದಂಡನಾಯಕಿ ನಾನಾಗಬಲ್ಲೆ’ ಎಂದು ನಂಬಿಸುವುದು ಬೇರೆ.

ಹಾಗೆಂದು ನೇರ ಆಯ್ಕೆಯ ಅಧ್ಯಕ್ಷ ಪದ್ಧತಿಯೇ ಅಡ್ಡಿ ಎನ್ನಲೂ ಆಗದು. ಲೈಬೀರಿಯಾದ ಮತದಾರರು 2005ರಲ್ಲೇ ಎಲೆನ್ ಜಾನ್ಸನ್ ಸರ್ಲೀಫ್ ಅವರನ್ನು ಆರಿಸಿದರು. 2024ರ ಜೂನ್‌ನಲ್ಲಿ, ಅಮೆರಿಕದ ಗಡಿಯಾಚೆಯ ಮೆಕ್ಸಿಕೊದಲ್ಲಿ ಕ್ಲೌಡಿಯಾ ಶೇನ್‌ಬಾಮ್ ಗೆದ್ದರು. ಅವರ ಮುಖ್ಯ ಎದುರಾಳಿಯೂ ಮಹಿಳೆಯೇ. ಗಂಡಸುತನದ ಗತ್ತಿಗೆ ಹೆಸರಾದ ದೇಶವದು. ಆದರೆ ಅಲ್ಲಿ 2014ರ ಸಂವಿಧಾನ ತಿದ್ದುಪಡಿಯ ಪ್ರಕಾರ ಪಕ್ಷಗಳು ಶಾಸನಸಭೆಯ ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಮಹಿಳೆಯರನ್ನು ನಿಲ್ಲಿಸಲೇಬೇಕು. ಹತ್ತು ವರ್ಷ ಊರೂರಲ್ಲಿ ಹೆಂಗಸರು ಭಾಷಣ ಮಾಡಿ, ಸೋತು, ಗೆದ್ದು, ಆಡಳಿತ ನಡೆಸಿದ್ದನ್ನು ಕಂಡ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಹೆಂಗಸರು ನಿಂತದ್ದು ಅಲ್ಲಿನವರಿಗೆ ಅಚ್ಚರಿಯೆನಿಸಲಿಲ್ಲ.

ಲೆಕ್ಕದ ಮೇಷ್ಟ್ರು ಬರೆದಿದ್ದಾರೆ:

ಸಂಜೆಮಲ್ಲಿಗೆ ಅವರು ಹೇಳಿದ, ಕಣಕ್ಕೆ ತಲುಪದವರ ಮಾತನ್ನು ಒಪ್ಪುತ್ತೇನೆ. ಅದನ್ನು ಅಳೆಯುವುದು ಕಷ್ಟ, ಇಲ್ಲವೆನ್ನುವುದು ತಪ್ಪು. 1982ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಮೇಯರ್ ಟಾಮ್ ಬ್ರಾಡ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆಯಲ್ಲಿ ಸಮೀಕ್ಷೆಗಳಲ್ಲೆಲ್ಲ ಮುಂದಿದ್ದು ಕೂದಲೆಳೆಯಲ್ಲಿ ಸೋತರು. ಸಮೀಕ್ಷೆಯವರಿಗೆ ಜನ ಒಂದು ಹೇಳಿ, ಮತಗಟ್ಟೆಯಲ್ಲಿ ಇನ್ನೊಂದು ಮಾಡುತ್ತಾರೆಂಬ ‘ಬ್ರಾಡ್ಲಿ ಪರಿಣಾಮ’ದ ಮಾತು ಹುಟ್ಟಿದ್ದು ಅಲ್ಲಿಂದ. 2008ರಲ್ಲಿ ಎಲ್ಲರೂ ಅದನ್ನೇ ಕಾಯುತ್ತಿದ್ದರು. ನವೆಂಬರ್‌ನಲ್ಲಿ ಅದು ಕಾಣಿಸಿಕೊಳ್ಳಲಿಲ್ಲ.

ತುಂಗಾತೀರ ಅವರ ವಾದಕ್ಕೆ ನಾನೇ ಒಂದು ಸಾಕ್ಷಿ ಕೊಡುತ್ತೇನೆ. ಅಯೋವಾಕ್ಕೆ ಮುನ್ನ ಕಪ್ಪು ಮತದಾರರಲ್ಲಿ ಅನೇಕರು ಕ್ಲಿಂಟನ್ ಕಡೆಗಿದ್ದರು, ಏಕೆಂದರೆ ಬಿಳಿಯರು ಒಬಾಮರಿಗೆ ಮತ ಹಾಕುತ್ತಾರೆಂದು ಅವರಿಗೇ ನಂಬಿಕೆಯಿರಲಿಲ್ಲ. ಬಹುಪಾಲು ಬಿಳಿಯರೇ ಇರುವ ಅಯೋವಾ ಆ ನಂಬಿಕೆಯನ್ನು ಕೊಟ್ಟಿತು. ಮೂರು ವಾರಗಳ ಬಳಿಕ ದಕ್ಷಿಣ ಕ್ಯಾರೊಲೈನಾದಲ್ಲಿ ಒಬಾಮ ಶೇ. 55, ಕ್ಲಿಂಟನ್ ಶೇ. 27. ಅಭ್ಯರ್ಥಿ ಬದಲಾಗಿರಲಿಲ್ಲ, ಪಕ್ಕದ ಮನೆಯವರ ಬಗೆಗಿನ ಅಂದಾಜು ಬದಲಾಗಿತ್ತು.

ಹೊಸಓದು ಬರೆದಿದ್ದಾರೆ:

ಹಿರಿಯರ ಮಾತಿನ ನಡುವೆ ಒಂದು ಪ್ರಶ್ನೆ. ಚಿಸಮ್ ಅವರಿಗೆ ಕೊನೆಗೆ ಎಷ್ಟು ಬೆಂಬಲ ಸಿಕ್ಕಿತು? ಅವರ ಜೊತೆ ಯಾರೂ ಇರಲಿಲ್ಲವೇ?

ತುಂಗಾತೀರ ಬರೆದಿದ್ದಾರೆ:

ಒಳ್ಳೆಯ ಪ್ರಶ್ನೆ, ಮೊದಲ ಬರಹದಲ್ಲೇ ಹೇಳಬೇಕಾಗಿತ್ತು. 1972ರ ಜುಲೈನಲ್ಲಿ ಮಯಾಮಿ ಬೀಚ್‌ನಲ್ಲಿ ನಡೆದ, ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವ ಪಕ್ಷದ ಸಮಾವೇಶದಲ್ಲಿ ಅವರಿಗೆ 152 ಪ್ರತಿನಿಧಿಗಳ ಮತ ಬಿದ್ದವು. ಅವೆಲ್ಲ ಪ್ರೈಮರಿಗಳಲ್ಲಿ ಗಳಿಸಿದವಲ್ಲ. ಕಣದಿಂದ ಸರಿದ ಹ್ಯೂಬರ್ಟ್ ಹಂಫ್ರಿ ತಮ್ಮ ಕಡೆಯ ಕಪ್ಪು ಪ್ರತಿನಿಧಿಗಳನ್ನು ಅವರಿಗಾಗಿ ಬಿಟ್ಟುಕೊಟ್ಟಿದ್ದರಿಂದ ಬಂದವೂ ಅದರಲ್ಲಿವೆ. ಜೊತೆಗಿದ್ದವರು ಬಹುಪಾಲು ವಿದ್ಯಾರ್ಥಿಗಳು, ಹೆಂಗಸರು. ಆಗ ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಓದುತ್ತಿದ್ದ ಬಾರ್ಬರಾ ಲೀ ಎಂಬ ತರುಣಿ ಅವರ ಪ್ರಚಾರಕ್ಕೆ ದುಡಿದು, ಮುಂದೆ ತಾವೂ ದಶಕಗಳ ಕಾಲ ಸಂಸತ್ ಸದಸ್ಯೆಯಾಗಿದ್ದರು.

ಆ ಪ್ರಚಾರದ ಒಂದು ಸಂಗತಿಯನ್ನು ನಾನು ಮರೆಯಲಾರೆ. ಅದೇ ಕಣದಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಇದ್ದರು, ಕಪ್ಪು ಮಕ್ಕಳು ಬಿಳಿಯರ ಜೊತೆ ಓದಕೂಡದೆಂದು ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತಿದ್ದ ಮನುಷ್ಯ. ಮೇ 15ರಂದು ಮೇರಿಲ್ಯಾಂಡ್‌ನಲ್ಲಿ ಅವರ ಮೇಲೆ ಗುಂಡಿನ ದಾಳಿಯಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ವಾಲೇಸ್‌ರನ್ನು ನೋಡಲು ಚಿಸಮ್ ಆಸ್ಪತ್ರೆಗೆ ಹೋದರು. ನಿಮ್ಮ ಜನ ಏನೆಂದಾರು ಎಂದು ವಾಲೇಸ್ ಕೇಳಿದರಂತೆ. ಏನೆನ್ನುತ್ತಾರೆಂದು ನನಗೆ ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಎಂದರಂತೆ ಚಿಸಮ್. ಅವರೇ ಮುಂದೆ ಹೇಳಿಕೊಂಡಂತೆ ವಾಲೇಸ್ ಅತ್ತುಬಿಟ್ಟರು. ಬ್ರೂಕ್ಲಿನ್‌ನ ಬೆಂಬಲಿಗರು ಈ ಭೇಟಿಗಾಗಿ ಚಿಸಮ್‌ರ ಮೇಲೆ ಕೆಂಡ ಕಾರಿದರು, ಆ ಸಿಟ್ಟಿನಲ್ಲಿ ಅನ್ಯಾಯವೇನೂ ಇರಲಿಲ್ಲ.

ಎರಡು ವರ್ಷಗಳ ಬಳಿಕ, 1974ರಲ್ಲಿ, ಮನೆಗೆಲಸದವರಿಗೂ ಕನಿಷ್ಠ ವೇತನ ಸಿಗಬೇಕೆಂಬ ಮಸೂದೆಗೆ ದಕ್ಷಿಣದ ರಾಜ್ಯಗಳ ಸಂಸದರ ಮತಗಳು ಬೇಕಾಗಿದ್ದವು. ಆ ಮತಗಳನ್ನು ಒದಗಿಸಲು ವಾಲೇಸ್ ನೆರವಾದರೆಂದು ಚಿಸಮ್ ಹೇಳಿದ್ದಾರೆ. ಮಸೂದೆ ಗೆದ್ದಿತು. ಚಿಸಮ್‌ರ ತಾಯಿ ಹೊಲಿಗೆಯ ಜೊತೆಗೆ ಬೇರೆಯವರ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು.